ಬಿದ್ದ ಜೋಳವನ್ನು ಎಬ್ಬಿಸುವ ಗೆಣ್ಣು

ಹಿಂಗಾರಿ ಜೋಳ ಆಳೆತ್ತರ ಬೆಳೆದಾಗ ಅಕಾಲದ ಗಾಳಿ-ಮಳೆ ಹೊಡೆದರೆ, ಇಂಡಿ ತಾಲೂಕಿನ ಸಾಲೋಟಗಿ ಸುತ್ತಲಿನ ಎರೆಹೊಲಗಳಲ್ಲಿ ಬೆಳೆ ನೆಲಕ್ಕೊರಗುತ್ತದೆ. ಇನ್ನೂ ಎಳೆಯದಾಗಿರುವ ದಂಟು ಬಿದ್ದಲ್ಲೇ ಮಲಗಿರುವುದಿಲ್ಲ. ಕೆಲವೇ ದಿನಗಳಲ್ಲಿ ಅದರ ತುದಿ ಮೇಲಕ್ಕೆ ತಿರುಗುತ್ತದೆ. ಅದು ಎಲ್ಲಿ ಬಾಗಿದೆ ಎಂಬುದನ್ನು ಬಗ್ಗಿ ನೋಡಬೇಕು. ಎರಡು ಗೆಣ್ಣುಗಳ ನಡುವಿನ ದಂಟು ನೆಟ್ಟಗೇ ಇರುತ್ತದೆ, ಬಾಗುವುದು ಗೆಣ್ಣಿನಲ್ಲಿ ಮಾತ್ರ. ಒಂದು ಗೆಣ್ಣು ತುಸು ಎತ್ತಿದರೆ ಮುಂದಿನದು ಇನ್ನಷ್ಟು ಎತ್ತುತ್ತದೆ. ಜೋಳದ ಹೊಲದಲ್ಲಿ ಇದಕ್ಕಿಂತ ಸೊಗಸಾದ ನೋಟ ಸಿಗುವುದು ಕಷ್ಟ.

ಗೆಣ್ಣಿನ ಬಳಿ ಎಲೆಯ ಬುಡ ದಂಟನ್ನು ಸುತ್ತಿಕೊಂಡ ಜಾಗ ಉಬ್ಬಿರುತ್ತದೆ. ಅಲ್ಲಿನ ಜೀವಕೋಶಗಳಲ್ಲಿ ಪಿಷ್ಟದ ಕಣಗಳಿವೆ. ದಂಟು ಅಡ್ಡಬಿದ್ದ ಕೆಲವೇ ನಿಮಿಷಗಳಲ್ಲಿ ಈ ಭಾರದ ಕಣಗಳು ಕೆಳಮಗ್ಗುಲಿಗೆ ಜಾರುತ್ತವೆ. ಕೆಳಗು ಯಾವುದೆಂದು ಗಿಡಕ್ಕೆ ತಿಳಿಯುವುದು ಹೀಗೆ. ಆಕ್ಸಿನ್ ಎಂಬ ಹಾರ್ಮೋನು ಆ ಮಗ್ಗುಲಲ್ಲಿ ಹೆಚ್ಚಿ, ಅಲ್ಲಿನ ಕೋಶಗಳು ಉದ್ದವಾಗುತ್ತವೆ; ಗೆಣ್ಣು ಮೇಲಕ್ಕೆ ಬಾಗುತ್ತದೆ. ಕತ್ತಲಲ್ಲೂ ಇದು ನಡೆಯುವುದರಿಂದ, ಬಿಸಿಲನ್ನು ಅರಸಿ ಬೆಳೆ ಎದ್ದಿತೆಂಬ ವಿವರಣೆಯನ್ನು ಒಪ್ಪಲಾಗದು. ದಂಟು ಮುರಿದಿದ್ದರೆ ಅಥವಾ ಪೂರ್ತಿ ಬಲಿತಿದ್ದರೆ ಮಾತ್ರ ಗೆಣ್ಣಿನಿಂದ ಏನೂ ಆಗದು.

ಬೇರಿನಲ್ಲಿ ಇದೇ ಆಕ್ಸಿನ್ ಕೆಳಮಗ್ಗುಲಿನ ಬೆಳವಣಿಗೆಯನ್ನು ತಡೆಯುತ್ತದೆ, ಆದ್ದರಿಂದ ಬೇರು ಕೆಳಕ್ಕೆ ಬಾಗುತ್ತದೆ. ಮಳೆಗಾಲ ಮುಗಿದ ಮೇಲೆ ಎರೆಯೊಳಗಿನ ಹಸಿಯನ್ನೇ ನಂಬಿದ ಬಿಳಿಜೋಳಕ್ಕೆ ಆಳಕ್ಕಿಳಿದ ಬೇರೇ ಆಸರೆ.

ಕುಡಿ ಮೇಲಕ್ಕೂ ಬೇರು ಕೆಳಕ್ಕೂ ಬೆಳೆಯಲು ಗುರುತ್ವವೇ ಕಾರಣವೆಂದು 1806ರಲ್ಲಿ ತೋರಿಸಿದವನು ಇಂಗ್ಲೆಂಡಿನ ಥಾಮಸ್ ನೈಟ್. ನೀರಿನಿಂದ ತಿರುಗುವ ಚಕ್ರಕ್ಕೆ ಅವನು ಕಟ್ಟಿದ ಬೀಜಗಳ ಬೇರುಗಳು ಹೊರಮುಖವಾಗಿ, ಕುಡಿಗಳು ಚಕ್ರದ ನಡುವಿನತ್ತ ಬೆಳೆದವು. ಕುಡಿ ಬೆಳಕಿನತ್ತ ಬಾಗುವ ಬಗೆ ತಿಳಿದದ್ದು ನಂತರ. ಹುಲ್ಲಿನ ಮೊಳಕೆಯ ತುದಿಯನ್ನು ಮುಚ್ಚಿದರೆ ಅದು ಬೆಳಕಿನತ್ತ ಬಾಗುವುದಿಲ್ಲವೆಂದು ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ 1880ರಲ್ಲಿ ಬರೆದರು. ತುದಿಯಿಂದ ಇಳಿಯುವ ವಸ್ತುವನ್ನು 1920ರ ದಶಕದಲ್ಲಿ ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ ಅಗರ್ ಎಂಬ ಲೋಳೆಯ ತುಂಡಿನಲ್ಲಿ ಹಿಡಿದ, ಅದೇ ಆಕ್ಸಿನ್. ನೀಲಿ ಬೆಳಕು ಒಂದು ಬದಿಯಿಂದ ಬಿದ್ದಾಗ ಆಕ್ಸಿನ್ ನೆರಳಿನ ಬದಿಗೆ ಸರಿಯುತ್ತದೆ. ಆ ಬದಿ ಹೆಚ್ಚು ಬೆಳೆದು ಕುಡಿ ಬೆಳಕಿನತ್ತ ವಾಲುತ್ತದೆ.

ಬಾಹ್ಯಾಕಾಶದಲ್ಲಿನಂತೆ ತೂಕವೇ ಇಲ್ಲದ ಕಡೆ ಪಿಷ್ಟದ ಕಣಗಳು ತಳಕ್ಕೆ ಇಳಿಯುವುದಿಲ್ಲ. ಅಲ್ಲಿ ಬೇರಿಗೆ ದಿಕ್ಕು ತಪ್ಪುತ್ತದೆ, ಕುಡಿಗೆ ಬೆಳಕೊಂದೇ ಗತಿ. ಅಂಥ ಕಡೆ ಮೊಳಕೆ ಹೇಗಿರುತ್ತದೆಂದು ತಿಳಿಯುವ ಪ್ರಯೋಗವೊಂದನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ರೂಪಿಸಿದವು. 2025ರಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಹೆಸರು ಮತ್ತು ಮೆಂತ್ಯದ ಕಾಳುಗಳನ್ನು ಮೊಳೆಯಿಸಿ, ಪರೀಕ್ಷೆಗೆಂದು ಶೈತ್ಯದಲ್ಲಿರಿಸಿದರು.