ತೂಕ ಇಳಿಸುವ ಹೊತ್ತಿನಲ್ಲಿ ಸಕ್ಕರೆ ಕುಸಿದರೆ



ತಪಸ್ಸುಕಾಲ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಉಪವಾಸದ ಮಾತು ಕೇಳಿಬರುವುದು ಸಹಜ. ಈಚಿನ ವರ್ಷಗಳಲ್ಲಿ ಅದರ ಜೊತೆಗೆ ಇನ್ನೊಂದು ಮಾತೂ ಸೇರಿಕೊಂಡಿದೆ. "ಫಾದರ್, ಹೇಗೂ ನಲವತ್ತು ದಿನ ಉಪವಾಸ ಮಾಡುತ್ತೇವೆ, ಹಾಗೆಯೇ ಐದಾರು ಕಿಲೋ ತೂಕವೂ ಇಳಿಯಲಿ" ಎನ್ನುವವರಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ಎಷ್ಟೋ ಮಂದಿಗೆ ವೈದ್ಯರೇ ತೂಕ ಇಳಿಸಲು ಹೇಳಿರುತ್ತಾರೆ. ಆದರೆ ಹೀಗೆ ಹೊರಟವರಲ್ಲಿ ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರೂ ಇದ್ದಾರೆ. ಈ ಲೇಖನ ಮುಖ್ಯವಾಗಿ ಅವರಿಗಾಗಿ, ಮತ್ತು ಅವರೊಡನೆ ಬಾಳುವ ಮನೆಮಂದಿಗಾಗಿ.

ಕೆಲವು ವರ್ಷಗಳ ಹಿಂದಿನ ಒಂದು ಘಟನೆ ನಮ್ಮ ಮನಸ್ಸಿನಿಂದ ಮಾಸಿಲ್ಲ. ಆದಿತ್ಯವಾರದ ಬೆಳಗಿನ ಬಲಿಪೂಜೆಯಲ್ಲಿ ವಾಚನ ಓದಲು ಬಂದ ಹಿರಿಯರೊಬ್ಬರ ನಾಲಗೆ ತೊದಲತೊಡಗಿತು. ಒಂದೇ ಸಾಲನ್ನು ಮೂರು ಸಲ ಓದಿದರು, ಆಮೇಲೆ ಪುಟ ತಿರುವಿ ಸುಮ್ಮನೆ ನಿಂತರು. ಹಿಂದಿನ ಬೆಂಚುಗಳಲ್ಲಿ ಪಿಸುಮಾತು ಎದ್ದಿತು: "ನಿನ್ನೆ ರಾತ್ರಿಯದ್ದು ಇನ್ನೂ ಇಳಿದಿಲ್ಲ." ಪೀಠದ ಬಳಿ ಕುಳಿತಿದ್ದ ನಮಗೂ ಅದೇ ಅನುಮಾನ ಬಂದಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಗಾಯನ ತಂಡದಲ್ಲಿದ್ದ ನರ್ಸ್ ಒಬ್ಬರು ಎದ್ದು ಬಂದು ಅವರ ಕೈ ಹಿಡಿದರು. ಕೈ ತಣ್ಣಗಿತ್ತು, ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಸಕ್ರಿಸ್ತಿಗೆ ಕರೆದೊಯ್ದು ಸಕ್ಕರೆ ನೀರು ಕುಡಿಸಿದರು. ಕಾಲು ಗಂಟೆಯಲ್ಲಿ ಅವರು ಚೇತರಿಸಿಕೊಂಡು, "ನಾನು ಓದಿ ಮುಗಿಸಿದೆನಾ?" ಎಂದು ಕೇಳಿದರು. ಮದ್ಯವನ್ನು ಮುಟ್ಟದ ಮನುಷ್ಯ ಅವರು. ತೂಕ ಇಳಿಸಲೆಂದು ಹಿಂದಿನ ರಾತ್ರಿ ಊಟ ಬಿಟ್ಟಿದ್ದರು; ಬೆಳಿಗ್ಗೆ ಎಂದಿನಂತೆ ಮಾತ್ರೆ ನುಂಗಿ, ಹೊಟ್ಟೆಗೆ ಏನೂ ಹಾಕದೆ ಇಗರ್ಜಿಗೆ ನಡೆದು ಬಂದಿದ್ದರು.

ದೇಹದೊಳಗೆ ಆಗುವುದೇನು?

ನಮ್ಮ ಮೆದುಳಿಗೆ ದಿನವೊಂದಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಅದನ್ನು ಕೂಡಿಟ್ಟುಕೊಳ್ಳುವ ಕಣಜ ಮೆದುಳಿನಲ್ಲಿಲ್ಲ. ರಕ್ತ ತಂದುಕೊಟ್ಟಂತೆ ಬಳಸಿಕೊಳ್ಳಬೇಕು. ಕಣಜ ಇರುವುದು ಯಕೃತ್ತಿನಲ್ಲಿ, ಅಂದಾಜು 100 ಗ್ರಾಂ. ಸ್ನಾಯುಗಳಲ್ಲಿ ಇದಕ್ಕಿಂತ ಹೆಚ್ಚು ಇದೆಯಾದರೂ ಅದು ಆಯಾ ಸ್ನಾಯುವಿನ ಸ್ವಂತ ಖರ್ಚಿಗೆ ಮಾತ್ರ, ರಕ್ತಕ್ಕೆ ಹಿಂದಿರುಗುವುದಿಲ್ಲ. ಊಟ ತಪ್ಪಿದಾಗ ಇನ್ಸುಲಿನ್ ತಗ್ಗಿ, ಗ್ಲುಕಗಾನ್ ಎಂಬ ಹಾರ್ಮೋನು ಯಕೃತ್ತಿನ ಬಾಗಿಲು ತೆರೆಸುತ್ತದೆ. ಕಣಜ ಬರಿದಾಗುತ್ತಾ ಬಂದರೆ ಯಕೃತ್ತು ಹೊಸದಾಗಿ ಗ್ಲೂಕೋಸ್ ತಯಾರಿಸುತ್ತದೆ. ಆದ್ದರಿಂದಲೇ ಆರೋಗ್ಯವಂತನೊಬ್ಬ ಒಂದು ದಿನ ಉಪವಾಸ ಮಾಡಿದರೆ ಹಸಿವಾಗಬಹುದು, ತಲೆ ನೋಯಬಹುದು. ಆದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ.

ಮಾತ್ರೆ ನುಂಗಿದವರ ಕಥೆ ಬೇರೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ನೀವು ಉಂಡಿದ್ದೀರೋ ಇಲ್ಲವೋ ಎಂದು ಅವು ಕೇಳುವುದಿಲ್ಲ. ಚುಚ್ಚಿಕೊಂಡ ಇನ್ಸುಲಿನ್ನೂ ಹಾಗೆಯೇ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಅಪಾಯ ತೀರಾ ಕಡಿಮೆ. ಆದರೆ ನಮ್ಮ ಅಂಗಡಿಗಳಲ್ಲಿ ಸಿಗುವ ಎಷ್ಟೋ ಮಾತ್ರೆಗಳಲ್ಲಿ ಎರಡು ಮೂರು ಔಷಧಗಳು ಒಂದರಲ್ಲೇ ಸೇರಿರುತ್ತವೆ. "ನನ್ನದು ಒಂದೇ ಮಾತ್ರೆ" ಎಂದು ಸಮಾಧಾನಪಡುವ ಮೊದಲು ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿಸಿಕೊಳ್ಳಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಇನ್ನೊಂದು ವಿಷಯ ತಿಳಿದಿರಬೇಕು. ಇವು ಸಕ್ಕರೆಯನ್ನು ಅಷ್ಟಾಗಿ ಕುಸಿಯಗೊಡುವುದಿಲ್ಲ. ಆದರೆ ದೀರ್ಘ ಉಪವಾಸ ಮಾಡಿದರೆ, ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತದಲ್ಲಿ ಆಮ್ಲ ಏರುವ ಸ್ಥಿತಿ ಬರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ತೂಕ ಇಳಿದಂತೆ ಔಷಧವೂ ಇಳಿಯಬೇಕು

ನಮ್ಮಲ್ಲಿ ಹೆಚ್ಚಿನವರು ಮರೆಯುವುದು ಇದನ್ನೇ. ಹೊಟ್ಟೆಯ ಸುತ್ತಲಿನ, ಯಕೃತ್ತಿನೊಳಗಿನ ಕೊಬ್ಬು ಕರಗಿದಂತೆ ದೇಹ ಇನ್ಸುಲಿನ್ನಿಗೆ ಚೆನ್ನಾಗಿ ಓಗೊಡುತ್ತದೆ. ನಿನ್ನೆಯವರೆಗೆ ಸರಿಯಾಗಿದ್ದ ಪ್ರಮಾಣ ಇಂದು ಅತಿಯಾಗುತ್ತದೆ. ಬ್ರಿಟನ್ನಿನಲ್ಲಿ ರಾಯ್ ಟೇಲರ್ ಮತ್ತು ಮೈಕ್ ಲೀನ್ ಅವರ ನೇತೃತ್ವದಲ್ಲಿ ನಡೆದ 'ಡೈರೆಕ್ಟ್' ಅಧ್ಯಯನದ ಮೊದಲ ವರ್ಷದ ಫಲಿತಾಂಶ 2017ರ ಡಿಸೆಂಬರಿನಲ್ಲಿ ಹೊರಬಂತು. ದಿನಕ್ಕೆ ಸುಮಾರು 850 ಕ್ಯಾಲೊರಿಯ ದ್ರವಾಹಾರವನ್ನು ಮೂರರಿಂದ ಐದು ತಿಂಗಳು ಪಡೆದ ಗುಂಪಿನಲ್ಲಿ, ವರ್ಷದ ಕೊನೆಗೆ 46 ಶೇಕಡಾ ಮಂದಿ ಔಷಧವಿಲ್ಲದೆಯೇ ಮಧುಮೇಹದ ಮಟ್ಟದಿಂದ ಕೆಳಗಿಳಿದಿದ್ದರು. ಪತ್ರಿಕೆಗಳು ಈ ಸುದ್ದಿಯನ್ನು ದೊಡ್ಡದಾಗಿ ಬರೆದವು. ಆದರೆ ಅಲ್ಲಿ ಆಹಾರ ಬದಲಿಸಿದ ಮೊದಲ ದಿನವೇ ವೈದ್ಯರು ಮಧುಮೇಹದ ಮಾತ್ರೆಗಳನ್ನೂ ರಕ್ತದೊತ್ತಡದ ಮಾತ್ರೆಗಳನ್ನೂ ನಿಲ್ಲಿಸಿದ್ದರು, ಇನ್ಸುಲಿನ್ ತೆಗೆದುಕೊಳ್ಳುವವರನ್ನು ಸೇರಿಸಿಕೊಂಡೇ ಇರಲಿಲ್ಲ. ಸುದ್ದಿ ಓದಿ ಊಟ ಅರ್ಧ ಮಾಡಿ, ಮಾತ್ರೆಯನ್ನು ಪೂರ್ತಿ ನುಂಗುವ ನಮ್ಮವರು ಈ ಅರ್ಧವನ್ನು ಬಿಟ್ಟುಬಿಡುತ್ತಾರೆ.

ಹಾಗೆಂದು ನೀವೇ ಮಾತ್ರೆ ನಿಲ್ಲಿಸಬೇಡಿ. ಆಹಾರ ಕಡಿಮೆ ಮಾಡುವ ಮೊದಲೇ ವೈದ್ಯರ ಬಳಿ ಹೋಗಿ, "ತೂಕ ಇಳಿಸಲು ಹೊರಟಿದ್ದೇನೆ, ಯಾವ ಮಾತ್ರೆ ಎಷ್ಟು ತಗ್ಗಿಸಬೇಕು?" ಎಂದು ಕೇಳಿ. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳ ವಿಷಯದಲ್ಲೂ ಇದೇ ಮಾತು. ಟಿರ್ಜೆಪಟೈಡ್ 2025ರ ಮಾರ್ಚಿನಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂತು; ವಿದೇಶದಲ್ಲಿರುವ ಮಕ್ಕಳು ಫೋನಿನಲ್ಲಿ ಅದರ ಬಗ್ಗೆ ಹೇಳುತ್ತಲೂ ಇರುತ್ತಾರೆ. ಅದೊಂದೇ ಆದರೆ ಸಕ್ಕರೆ ಕುಸಿಯುವ ಸಂಭವ ಕಡಿಮೆ, ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಜೊತೆಗೆ ಸೇರಿದರೆ ಹೆಚ್ಚು.

ಗುರುತಿಸುವುದು ಹೇಗೆ?

100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದು ಎಚ್ಚರಿಕೆಯ ಗಂಟೆ. 54ಕ್ಕಿಂತ ಕೆಳಗೆ ಗಂಭೀರ. ಮೊದಲು ಬೆವರು, ಕೈನಡುಕ, ಎದೆಬಡಿತ, ತಡೆಯಲಾಗದ ಹಸಿವು. ಆಗ ಏನೂ ಮಾಡದಿದ್ದರೆ ಮೆದುಳಿಗೆ ಕೊರತೆ ಬಿದ್ದು ತೊದಲು, ಗೊಂದಲ, ಕಾರಣವಿಲ್ಲದ ಸಿಟ್ಟು, ಕೊನೆಗೆ ಪ್ರಜ್ಞೆ ತಪ್ಪುವುದು. ಸಾಧು ಸ್ವಭಾವದವರು ಏಕಾಏಕಿ ರೇಗಾಡಿದರೆ ವಾದಕ್ಕಿಳಿಯುವ ಬದಲು ಗ್ಲೂಕೋಮೀಟರ್ ತನ್ನಿ. ರಾತ್ರಿ ನಿದ್ದೆಯಲ್ಲಿ ಕುಸಿದರೆ ಕೆಟ್ಟ ಕನಸು, ಒದ್ದೆಯಾದ ಬಟ್ಟೆ, ಬೆಳಿಗ್ಗೆ ತಲೆನೋವು ಇವಷ್ಟೇ ಸುಳಿವು. ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತ ಮರೆಯಾಗಿ ಬೆವರು ಮಾತ್ರ ಉಳಿಯಬಹುದು. ಪದೇ ಪದೇ ಕುಸಿಯುವವರಿಗೆ ಕ್ರಮೇಣ ಮುನ್ಸೂಚನೆಯೇ ಸಿಗದಂತಾಗುತ್ತದೆ.

ಇನ್ನು ಮದ್ಯ. ಅದು ಯಕೃತ್ತು ಹೊಸದಾಗಿ ಗ್ಲೂಕೋಸ್ ತಯಾರಿಸುವುದನ್ನೇ ತಡೆಯುತ್ತದೆ. ರೋಸ್, ಮದುವೆ ಮನೆಗಳಲ್ಲಿ "ಊಟ ಬೇಡ, ಡಯಟ್" ಎಂದು ಎರಡು ಪೆಗ್ ಹಾಕಿ ಮನೆಗೆ ಹೋಗಿ ಮಲಗುವ ಮಧುಮೇಹಿಗೆ ಗಂಡಾಂತರ ಕಾದಿರುವುದು ನಡುರಾತ್ರಿಯಲ್ಲಿ. ಮೈಯಿಂದ ಮದ್ಯದ ವಾಸನೆ ಬರುತ್ತಿದ್ದರೆ ಯಾರೂ ಎಬ್ಬಿಸುವ ಗೋಜಿಗೂ ಹೋಗುವುದಿಲ್ಲ.

ಕೂಡಲೇ ಮಾಡಬೇಕಾದುದು

ಎಚ್ಚರವಿದ್ದು ನುಂಗಬಲ್ಲವರಿಗೆ 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ, ನೀರಿನಲ್ಲಿ ಕದಡಿ ಕೊಡಿ. ಗ್ಲೂಕೋಸ್ ಪುಡಿಯಾದರೆ ಇನ್ನೂ ಒಳ್ಳೆಯದು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. 70ರ ಮೇಲೆ ಬಾರದಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಿ. ಗ್ಲೂಕೋಮೀಟರ್ ಕೈಗೆ ಸಿಗದಿದ್ದರೆ ಅದಕ್ಕಾಗಿ ಕಾಯಬೇಡಿ. ಚಾಕೊಲೇಟು, ಲಾಡು ಬೇಡ. ಅವುಗಳ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇವಿಸುವವರಿಗೆ ಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಏಕೆಂದರೆ ಸಕ್ಕರೆಯನ್ನು ಕರುಳಿನಲ್ಲಿ ಒಡೆಯುವ ಕೆಲಸವನ್ನೇ ಆ ಔಷಧಗಳು ತಡೆಹಿಡಿದಿರುತ್ತವೆ. ಅವರಿಗೆ ಗ್ಲೂಕೋಸೇ ಬೇಕು. ಚೇತರಿಸಿದ ಮೇಲೆ ಊಟಕ್ಕೆ ಇನ್ನೂ ಹೊತ್ತಿದ್ದರೆ ಒಂದು ಬಾಳೆಹಣ್ಣೋ ನಾಲ್ಕು ಬಿಸ್ಕತ್ತೋ ತಿನ್ನಲಿ.

ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ, ನೀರನ್ನು ಸಹ, ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಮಾತ್ರೆಯಿಂದ ಕುಸಿದವರು, ಮುಖ್ಯವಾಗಿ ವೃದ್ಧರು ಮತ್ತು ಮೂತ್ರಪಿಂಡದ ತೊಂದರೆಯುಳ್ಳವರು, ಒಮ್ಮೆ ಸುಧಾರಿಸಿದರೂ ಕೆಲವು ಗಂಟೆಗಳಲ್ಲಿ ಮತ್ತೆ ಕುಸಿಯಬಹುದು. ಔಷಧ ಇನ್ನೂ ದೇಹದಲ್ಲೇ ಇರುತ್ತದೆ. ಆದುದರಿಂದ "ಈಗ ಸರಿಯಾದರು" ಎಂದು ಒಬ್ಬರೇ ಮಲಗಲು ಬಿಡಬೇಡಿ.

ವಾರಕ್ಕೆರಡು ಸಲ ಹೀಗಾಗುತ್ತಿದೆ, ಪ್ರತಿ ಸಲವೂ ಸಕ್ಕರೆ ತಿನ್ನಬೇಕಾಗಿದೆ, ಹಾಗಾಗಿ ತೂಕವೂ ಇಳಿಯುತ್ತಿಲ್ಲ ಎನ್ನುವವರನ್ನು ನಾವು ಕಂಡಿದ್ದೇವೆ. ಮಾತ್ರೆಗಾಗಿ ತಿನ್ನುವುದು, ತಿಂದದ್ದಕ್ಕಾಗಿ ಮಾತ್ರೆ ಎಂಬ ಸುಳಿ ಇದು. ಅದರಿಂದ ಹೊರಬರುವ ದಾರಿ ಮಾತ್ರೆಯ ಪ್ರಮಾಣ ತಗ್ಗಿಸುವುದೇ ಹೊರತು ಜೇಬಿನ ತುಂಬ ಮಿಠಾಯಿ ತುಂಬಿಕೊಳ್ಳುವುದಲ್ಲ. ಸಕ್ಕರೆ ಇಳಿದ ದಿನ, ಹೊತ್ತು, ತಿಂದದ್ದು ಏನು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿ.

ಎಲ್ಲ ಸುಸ್ತೂ ಸಕ್ಕರೆಯದ್ದಲ್ಲ

ಮಧುಮೇಹವಿಲ್ಲದವರೂ ಊಟ ಕಡಿಮೆ ಮಾಡಿದ ಮೊದಲ ವಾರ "ಲೋ ಶುಗರ್ ಆಗಿದೆ" ಎನ್ನುತ್ತಾರೆ. ಅಮೆರಿಕದ ಶಸ್ತ್ರವೈದ್ಯ ಅಲೆನ್ ವಿಪಲ್ 1930ರ ದಶಕದಲ್ಲಿ ಕೊಟ್ಟ ಒರೆಗಲ್ಲು ಇಂದಿಗೂ ಬಳಕೆಯಲ್ಲಿದೆ: ಲಕ್ಷಣ ಇರಬೇಕು, ಅದೇ ಹೊತ್ತಿನಲ್ಲಿ ಅಳೆದಾಗ ಸಕ್ಕರೆ ಕಡಿಮೆ ಇರಬೇಕು, ಸಕ್ಕರೆ ಏರಿದಾಗ ಲಕ್ಷಣ ಹೋಗಬೇಕು. ಮೂರೂ ಇಲ್ಲದಿದ್ದರೆ ಬೇರೆ ಕಾರಣ ಹುಡುಕಬೇಕು. ಮೊದಲ ವಾರ ಇಳಿಯುವ ತೂಕದಲ್ಲಿ ಬಹುಪಾಲು ನೀರು. ಕೂಡಿಟ್ಟ ಪ್ರತಿ ಗ್ರಾಂ ಸಕ್ಕರೆಯೊಡನೆ ಸುಮಾರು ಮೂರು ಗ್ರಾಂ ನೀರು ಹೊರಹೋಗುತ್ತದೆ, ಉಪ್ಪೂ ಹೋಗುತ್ತದೆ. ನಮ್ಮ ಕರಾವಳಿಯ ಮಾರ್ಚ್-ಏಪ್ರಿಲ್ ಸೆಕೆಯಲ್ಲಿ ಬೆವರಿನ ನಷ್ಟ ಬೇರೆ. ಎದ್ದು ನಿಂತಾಗ ಕಣ್ಣು ಕತ್ತಲೆ ಬರುವವರು ರಕ್ತದೊತ್ತಡವನ್ನು ನೋಡಿಸಿಕೊಳ್ಳಬೇಕು. ತೂಕ ಇಳಿದಾಗ ಆ ಮಾತ್ರೆಯೂ ಹೆಚ್ಚಾಗಿರಬಹುದು.

ಹೆಂಗಸರಲ್ಲಿ ರಕ್ತಹೀನತೆಯನ್ನು ಮೊದಲು ಅನುಮಾನಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆ ಇದೆ. ಇಂಥವರು ಮೀನು, ಮೊಟ್ಟೆ, ಕಾಳು ಬಿಟ್ಟು ಚಹಾ-ಬಿಸ್ಕತ್ತಿನಲ್ಲಿ ದಿನ ತಳ್ಳಿದರೆ ಸುಸ್ತಾಗದೆ ಇನ್ನೇನು? ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

ತಟ್ಟೆಯಲ್ಲಿ ಏನಿರಬೇಕು?

ಓಟ್ಸ್, ಕಿವಿ ಹಣ್ಣು ತರಿಸಬೇಕಾಗಿಲ್ಲ. ಬರೀ ಗಂಜಿ-ಉಪ್ಪಿನಕಾಯಿ ತಿಂದರೆ ಸಕ್ಕರೆ ಬೇಗ ಏರಿ ಬೇಗ ಇಳಿಯುತ್ತದೆ, ಹನ್ನೊಂದು ಗಂಟೆಗೆ ಹಸಿವು. ಅದೇ ಕುಚ್ಚಲಕ್ಕಿಯ ಗಂಜಿಯನ್ನು ಅರ್ಧ ಮಾಡಿ, ಜೊತೆಗೆ ಹೆಸರುಕಾಳಿನ ಪಲ್ಯವೋ ಒಂದು ಬಂಗುಡೆಯೋ ಇಟ್ಟುಕೊಂಡರೆ ಹೊಟ್ಟೆ ಹೆಚ್ಚು ಹೊತ್ತು ತಾಳುತ್ತದೆ. ಬಂಗುಡೆ, ಬೂತಾಯಿಯನ್ನು ಎಣ್ಣೆಯಲ್ಲಿ ಮುಳುಗಿಸದೆ ಸಾರು ಮಾಡಿ. ಹುರುಳಿ, ಅಲಸಂಡೆ, ಬಸಳೆ, ತೊಂಡೆಕಾಯಿ ತಟ್ಟೆಯ ಅರ್ಧ ತುಂಬಲಿ. ಮಾತ್ರೆ ತೆಗೆದುಕೊಳ್ಳುವವರು ಊಟದ ಪ್ರಮಾಣ ತಗ್ಗಿಸಲಿ, ಊಟವನ್ನೇ ತಪ್ಪಿಸದಿರಲಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ನಡಿಗೆಯನ್ನು ಊಟದ ನಂತರ ಇಟ್ಟುಕೊಳ್ಳಿ; ದುಡಿದ ಸ್ನಾಯುಗಳು ಗಂಟೆಗಟ್ಟಲೆ ಸಕ್ಕರೆ ಹೀರುತ್ತಿರುತ್ತವೆ, ಹಾಗಾಗಿ ಸಂಜೆ ತೋಟದಲ್ಲಿ ಮೈಮುರಿದು ದುಡಿದವರಿಗೆ ರಾತ್ರಿ ಕುಸಿಯಬಹುದು. ಬೈಕ್ ಓಡಿಸುವವರು, ದೋಣಿಯಲ್ಲಿ ಹೋಗುವವರು ಗ್ಲೂಕೋಸ್ ಪೊಟ್ಟಣವನ್ನು ನೀರು ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟುಕೊಳ್ಳಲಿ.

ಉಪವಾಸದ ನಿಯಮದ ಬಗ್ಗೆ

ಕೆಲವು ಹಿರಿಯರಿಗೆ ಮಾತ್ರೆಗಾಗಿ ತಿಂದರೆ ಪಾಪವಾದೀತು ಎಂಬ ಅಳುಕು ಇದೆ. ಧರ್ಮಸಭೆಯ ಕಾನೂನಿನ ಪ್ರಕಾರ ಬೂದಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಮಾತ್ರ ಕಡ್ಡಾಯ. ಆ ವಯಸ್ಸಿನೊಳಗಿದ್ದರೂ ಅನಾರೋಗ್ಯವಿದ್ದವರನ್ನು ಅದು ಕಟ್ಟಿಹಾಕುವುದಿಲ್ಲ. ಪರಮಪ್ರಸಾದಕ್ಕೆ ಮುನ್ನ ಒಂದು ಗಂಟೆಯ ಉಪವಾಸವನ್ನು ನೀರು, ಔಷಧ ಮುರಿಯುವುದಿಲ್ಲ. ವೃದ್ಧರು, ರೋಗಿಗಳು, ಅವರ ಆರೈಕೆ ಮಾಡುವವರು ಆ ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪರಮಪ್ರಸಾದ ಸ್ವೀಕರಿಸಬಹುದು. ಆದುದರಿಂದ ಮಧುಮೇಹಿಗಳು ಬೆಳಗಿನ ಬಲಿಪೂಜೆಗೆ ಉಪಾಹಾರ ಮುಗಿಸಿಯೇ ಬನ್ನಿ. ವಾರ್ಷಿಕ ಹಬ್ಬದ ದಿನ ಪೂಜೆ ಎರಡು ಗಂಟೆ ಎಳೆಯುವುದೂ ಉಂಟು, ಅದರಲ್ಲಿ ನಮ್ಮ ಪ್ರಬೋಧನೆಯ ಪಾಲೂ ಇದೆ. ನಡುವೆ ಮೈ ಬೆವರಿದರೆ ಸಂಕೋಚಪಡದೆ ಎದ್ದು ಹೊರಗೆ ಬನ್ನಿ.

ಅಂದಿನ ಘಟನೆಯ ನಂತರ ನಮ್ಮ ಸಕ್ರಿಸ್ತಿಯ ಕಪಾಟಿನಲ್ಲಿ ಗ್ಲೂಕೋಸಿನ ಒಂದು ಡಬ್ಬಿ, ಒಂದು ಗ್ಲೂಕೋಮೀಟರ್ ಇಟ್ಟಿದ್ದೇವೆ. ಪರೀಕ್ಷಾ ಪಟ್ಟಿಗಳ ಅವಧಿ ಮುಗಿಯುವ ತಾರೀಕನ್ನು ಕಪಾಟಿನ ಬಾಗಿಲಿಗೆ ಅಂಟಿಸಿದೆ. ವಾಳೆಯ ಗುರ್ಕಾರರು ತಮ್ಮ ವಾಳೆಯಲ್ಲಿ ಒಬ್ಬರೇ ವಾಸಿಸುವ ಮಧುಮೇಹಿಗಳು ಯಾರಿದ್ದಾರೆಂದು ತಿಳಿದುಕೊಂಡು, ಬೆಳಿಗ್ಗೆ ಅವರ ಮನೆಯ ಬಾಗಿಲು ತೆರೆಯಿತೇ ಎಂದು ನೋಡುವ ಒಬ್ಬ ನೆರೆಯವರನ್ನು ಗೊತ್ತುಮಾಡಿದರೆ ದೊಡ್ಡ ಉಪಕಾರವಾಗುತ್ತದೆ.