ಚೀಟಿಯಲ್ಲಿ ಬಂದ ಪೌಡರ್ ಡಬ್ಬಿ: ಔಷಧಿನಾ, ಆಹಾರನಾ?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇವತ್ತಿನ ಮಾತು ನಮ್ಮ ಮನೆಯ ಒಂದು ಡಬ್ಬಿಯಿಂದ ಶುರು ಮಾಡ್ತೀನಿ.

ನಮ್ಮಕ್ಕ ಕುಬಸ ಮುಗಿಸಿಕೊಂಡು ಕೋಟನೂರಿಗೆ, ತವರಿಗೆ ಬಂದಿದ್ದಳು. ಏಳು ತಿಂಗಳು ತುಂಬಿತ್ತು. ಒಂದು ಕ್ಲಿನಿಕ್‌ನಲ್ಲಿ ತೋರಿಸಿದೆವು. ಚೀಟಿಯ ಮೊದಲ ಸಾಲಿನಲ್ಲಿ ಪ್ರೊಟೀನ್ ಪೌಡರ್, ಅದರ ಕೆಳಗೆ ಐರನ್ ಗುಳಗಿ, ಕ್ಯಾಲ್ಸಿಯಂ ಗುಳಗಿ. ಪೌಡರ್ ಯಾಕೆ, ಎಷ್ಟು ದಿನ ಅಂತ ಅವರೂ ಬರೆದಿರಲಿಲ್ಲ, ನಾವೂ ಕೇಳಲಿಲ್ಲ.

ಅವ್ವ ದಿನಾ ಎರಡು ಹೊತ್ತು ಹಾಲಿಗೆ ಪೌಡರ್ ಕಲಸಿ ಕೊಡುತ್ತಿದ್ದಳು. ಐರನ್ ಗುಳಗಿ ತೊಗೊಂಡರೆ ಅಕ್ಕನಿಗೆ ವಾಕರಿಕೆ. "ಪೌಡರ್ ಕುಡಿಲಿಕತ್ತಾಳಲ್ಲ, ಅದರಾಗೇ ಎಲ್ಲಾ ಇರ್ತದ, ಗುಳಗಿ ಬಿಟ್ರ ನಡೀತದ" ಅಂತ ಮನೆಯಲ್ಲಿ ತೀರ್ಮಾನ ಆಯ್ತು. ಹೂಂ ಅಂದವರಲ್ಲಿ ನಾನೂ ಒಬ್ಬ. ಎಂಟೂವರೆ ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.2. ಗರ್ಭಿಣಿಗೆ ಅದು 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಕೊನೆಗೆ ಸಲೈನ್‌ನಲ್ಲಿ ಐರನ್ ಏರಿಸಬೇಕಾಯ್ತು. ಹೆರಿಗೆ ಸುಸೂತ್ರ ಆಯ್ತು, ಅಕ್ಕ-ಕೂಸು ಆರಾಮ ಇದ್ದಾರೆ. ಆದರೆ ಕಿಟಕಿ ಮೇಲೆ ಹಾಗೇ ಉಳಿದಿದ್ದ ಆ ಗುಳಗಿ ಚೀಟು ನನ್ನ ಕಣ್ಣಿಂದ ಹೋಗಿಲ್ಲ.

ಆಮೇಲೆ ಡಬ್ಬಿ ತಿರುಗಿಸಿ ಓದಿದೆ. ಸಣ್ಣಕ್ಷರದಲ್ಲಿ 'ನಾಟ್ ಫಾರ್ ಮೆಡಿಸಿನಲ್ ಯೂಸ್' ಅಂತಿತ್ತು. ಅಂದ್ರೆ, ಇದು ಔಷಧಿಯಾಗಿ ಬಳಸುವುದಕ್ಕಲ್ಲ. ಚೀಟಿಯಲ್ಲಿ ಬರೆದ ಮಾತ್ರಕ್ಕೆ, ಮೆಡಿಕಲ್ ಶಾಪ್‌ನಲ್ಲಿ ಸಿಕ್ಕ ಮಾತ್ರಕ್ಕೆ ಎಲ್ಲವೂ ಔಷಧಿ ಅಲ್ಲ. ಇಂಥ ಪೂರಕಗಳು ಕಾನೂನಿನ ಪ್ರಕಾರ ಆಹಾರ. ಇವಕ್ಕೆ 2016ರಲ್ಲಿ ಎಫ್‌ಎಸ್‌ಎಸ್‌ಎಐ ಬೇರೆ ನಿಯಮಾವಳಿ ಮಾಡಿದೆ. ಡಬ್ಬಿ ಮೇಲಿರುವುದು ಆಹಾರ ಪರವಾನಗಿಯ 14 ಅಂಕಿಯ ನಂಬರ್. ಅಗತ್ಯ ಔಷಧಿಗಳಿಗೆ ಸರ್ಕಾರ ಗರಿಷ್ಠ ಬೆಲೆ ಕಟ್ಟಿದಂತೆ ಈ ಪೌಡರ್‌ಗಳಿಗೆ ಕಟ್ಟುವುದಿಲ್ಲ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಲೆಕ್ಕ ಹಾಕಿದೆ. ನಮ್ಮ ಡಬ್ಬಿ 200 ಗ್ರಾಂ, ಬೆಲೆ ₹360. ನೂರು ಗ್ರಾಂನಲ್ಲಿ ಪ್ರೊಟೀನ್ 32 ಗ್ರಾಂ, ಇಡೀ ಡಬ್ಬಿಯಲ್ಲಿ 64. ಒಂದು ಗ್ರಾಂ ಪ್ರೊಟೀನ್‌ಗೆ ₹5.60ಕ್ಕಿಂತ ಜಾಸ್ತಿ. ಈಗ ನಮ್ಮದೇ ಕಲಬುರಗಿ ತೊಗರಿಬೇಳೆ ನೋಡ್ರಿ, 2019ರಲ್ಲಿ ಜಿಐ ಟ್ಯಾಗ್ ಸಿಕ್ಕದ್ದು. ನೂರು ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೊಟೀನ್. ಕಿಲೋಗೆ ₹140 ಅಂದರೂ ಗ್ರಾಂ ಪ್ರೊಟೀನ್‌ಗೆ 64 ಪೈಸೆ. ಬೇಳೆ ಒಂದರಲ್ಲೇ ಎಲ್ಲಾ ಅಮೈನೋ ಆಮ್ಲ ಬೇಕಾದಷ್ಟು ಇರಲ್ಲ, ಖರೆ. ಅದಕ್ಕೇ ಜೋಳದ ರೊಟ್ಟಿ ಜೊತೆ ಉಣ್ಣೋದು.

ಐಸಿಎಂಆರ್ 2020ರ ಶಿಫಾರಸಿನಂತೆ, ಕೊನೆಯ ಮೂರು ತಿಂಗಳು ಗರ್ಭಿಣಿಗೆ ದಿನಕ್ಕೆ ಸುಮಾರು 22 ಗ್ರಾಂ ಪ್ರೊಟೀನ್ ಹೆಚ್ಚಿಗೆ ಬೇಕು. ಒಂದು ಮೊಟ್ಟೆ 6 ಗ್ರಾಂ, ಒಂದು ಲೋಟ ಹಾಲು 6 ಗ್ರಾಂ, ಐವತ್ತು ಗ್ರಾಂ ಶೇಂಗಾ 12 ಗ್ರಾಂ. ಮುಗೀತು, 24 ಆಯ್ತು. ರಾಜ್ಯ ಸರ್ಕಾರ 2017ರ ಅಕ್ಟೋಬರ್ 2ರಂದು ಶುರು ಮಾಡಿದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಿಂದ ಗರ್ಭಿಣಿಗೆ ಊಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಕೊಡೋದು ಇದಕ್ಕೇ.

ಐರನ್ ಗುಳಗಿಯ ಲೆಕ್ಕ ಬೇರೆ. ಗರ್ಭಿಣಿಗೆ ಬೇಕಾಗುವಷ್ಟು ಕಬ್ಬಿಣಾಂಶ ಬರೀ ಊಟದಿಂದ ಸಿಗೋದು ಕಷ್ಟ. ಅದಕ್ಕೇ ದೇಶದ ರಕ್ತಹೀನತೆ ಕಾರ್ಯಕ್ರಮದಲ್ಲಿ ನಾಲ್ಕನೇ ತಿಂಗಳಿಂದ ದಿನಕ್ಕೊಂದು ಗುಳಗಿ, ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ಕನಿಷ್ಠ 180 ದಿನ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಇದೂ ಪೂರಕವೇ. ಆದರೆ ಯಾರಿಗೆ, ಎಷ್ಟು, ಎಷ್ಟು ದಿನ ಅನ್ನೋದು ಸ್ಪಷ್ಟ ಅದ. ಹಾಲು, ಚಹಾ, ಕ್ಯಾಲ್ಸಿಯಂ ಜೊತೆ ಮಾತ್ರ ತೊಗೋಬೇಡಿ, ಕಬ್ಬಿಣ ಮೈಗೆ ಹತ್ತೋದು ಕಡಿಮೆ ಆಗ್ತದ. ವಾಕರಿಕೆ ಆದರೆ ಗುಳಗಿ ಬಿಡಬೇಡಿ, ಊಟ ಆದ ಮೇಲೆ ತೊಗೊಳ್ಳಬಹುದಾ ಅಂತ ಡಾಕ್ಟರ್‌ಗೆ ಕೇಳಿ. ನಾವು ತಪ್ಪಿದ್ದು ಇಲ್ಲೇ: ದುಬಾರಿ ಡಬ್ಬಿ ಕೈಯಲ್ಲಿತ್ತು ಅಂತ ಪುಕ್ಕಟೆ ಗುಳಗಿಯನ್ನ ಹಗುರ ಮಾಡಿದ್ವಿ.

ಹಂಗಾದ್ರೆ ವಿಶೇಷ ಆಹಾರ ಎಲ್ಲಾ ಸುಳ್ಳಾ? ಅಲ್ರಿ. ತೀವ್ರ ಅಪೌಷ್ಟಿಕತೆಯ ಮಕ್ಕಳನ್ನ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದಾಗ ಮೊದಲು ಎಫ್-75 ಅನ್ನೋ ಹಾಲಿನ ಮಿಶ್ರಣ ಕೊಡ್ತಾರೆ. ನೂರು ಮಿಲಿಲೀಟರ್‌ಗೆ 75 ಕ್ಯಾಲರಿ. ಮಗು ಚೇತರಿಸಿಕೊಂಡ ಮೇಲೆ 100 ಕ್ಯಾಲರಿಯ ಎಫ್-100. ತೂಕ ನೋಡಿ ಅಳತೆ, ದಿನಾ ತಪಾಸಣೆ. ಅಲ್ಲಿ ಆ ಆಹಾರವೇ ಔಷಧಿ. ನುಂಗಲಾಗದ ಕ್ಯಾನ್ಸರ್ ರೋಗಿಗೆ, ಮೂಗಿನ ನಳಿಕೆಯಿಂದ ಊಟ ಕೊಡಬೇಕಾದವರಿಗೂ ಹಾಗೇ. ಇಂಥ ಡಬ್ಬಿಗಳ ಮೇಲೆ ವೈದ್ಯರ ಸಲಹೆಯಂತೆ ಮಾತ್ರ ಬಳಸಬೇಕು ಅಂತ ಬರೆದಿರ್ತದ. ಕಿಡ್ನಿ ತೊಂದರೆ ಇರೋರು ತಾವಾಗೇ ಪ್ರೊಟೀನ್ ಪೌಡರ್ ಕುಡಿದರೆ ಕಿಡ್ನಿಗೆ ಭಾರ. ವಾರಕ್ಕೊಂದು ಅಂತ ಬರೆದ 60,000 ಯೂನಿಟ್‌ನ ವಿಟಮಿನ್ ಡಿ ದಿನಾ ತೊಗೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರಬೇಕಾಗ್ತದ. ಜಿಮ್‌ಗೆ ಹೋಗೋರೂ ಕೇಳಿಸ್ಕೊಳ್ಳಿ: ಮೈ ಬೆಳೆಸೋದಕ್ಕೆ ಪ್ರೊಟೀನ್ ಪೌಡರ್ ಬೇಡ ಅಂತ 2024ರ ಆಹಾರ ಮಾರ್ಗಸೂಚಿಯಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೇ ಹೇಳಿದೆ.

ತಪ್ಪು ಡಾಕ್ಟರದೊಂದೇ ಅಲ್ಲ. "ಶಕ್ತಿಗೆ ಏನಾರ ಬರೀರಿ ಸರ್" ಅಂತ ಗಂಟು ಬೀಳೋರು ನಾವೇ. ಮುಂದಿನ ಸಲ ಚೀಟಿಯಲ್ಲಿ ಪೌಡರ್, ಟಾನಿಕ್ ಕಂಡರೆ ಕುರ್ಚಿಯಿಂದ ಏಳೋಕಿಂತ ಮೊದಲು ನಾಲ್ಕು ಮಾತು ಕೇಳಿ. ಇದು ಯಾವ ಕೊರತೆಗೆ? ಊಟದಿಂದ ಅದು ತುಂಬಲ್ವಾ? ಎಷ್ಟು ದಿನ? ಉಪಯೋಗ ಆಗಿದೆಯೋ ಇಲ್ಲವೋ ಅಂತ ಯಾವಾಗ, ಹೇಗೆ ನೋಡ್ತೀರಿ? ಒಳ್ಳೆಯ ಡಾಕ್ಟರ್ ಇದಕ್ಕೆ ಸಿಟ್ಟಾಗಲ್ಲ. ಇನ್ನೊಂದು: ಚೀಟಿಯಲ್ಲಿ ಬರೆದ ಔಷಧಿಯನ್ನ ನನ್ನ ಮಾತು ಕೇಳಿ ನಿಲ್ಲಿಸಬೇಡಿ, ಅವರನ್ನೇ ಕೇಳಿ.

ಆ ಡಬ್ಬಿಯಲ್ಲಿ ಅವ್ವ ಈಗ ಶೇಂಗಾ ಹಿಂಡಿ ತುಂಬಿಟ್ಟಾಳ. ಅಕ್ಕ ದಿನಾ ರೊಟ್ಟಿ ಜೊತೆ ಹಚ್ಕೊಂಡು ತಿಂತಾಳ, ಐರನ್ ಗುಳಗಿನೂ ತಪ್ಪಿಸಲ್ಲ. ನಿಮ್ಮ ಮನೆಯಲ್ಲಿ ಗರ್ಭಿಣಿ ಇದ್ದರೆ, ಬಾಣಂತಿ ಇದ್ದರೆ ಫೋನ್ ಕೆಳಗಿಟ್ಟು ಒಂದು ಮಾತು ಕೇಳ್ರಿ: ಇವತ್ತಿನ ಗುಳಗಿ ಆಯ್ತಾ?