ಚಿತ್ತವಾಡ್ಗಿಯ ಕೆಂಪು ಧೂಳು

ಹಂಪಿ ನೋಡಿಕೊಂಡು ಮಲೆನಾಡಿಗೆ ಹಿಂದಿರುಗುವಾಗ, ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮ ಕಾರು ಏದುಸಿರು ಬಿಡತೊಡಗಿತು. ಮೆಕ್ಯಾನಿಕ್ಕು ಏರ್ ಫಿಲ್ಟರ್ ಬಿಚ್ಚಿ ತಟ್ಟಿದರೆ ನೆಲವೆಲ್ಲ ಕುಂಕುಮ! ಸಂಡೂರಿನ ಅದಿರಿನ ಸೀಮೆಯಲ್ಲವೇ. ತಪ್ಪು ನಮ್ಮದೇ, ಎರಡು ವರ್ಷದಿಂದ ಅದನ್ನು ತೆರೆದೇ ಇರಲಿಲ್ಲ.

ಕಾರ್ಬ್ಯುರೇಟರ್ ಇರುವ ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಪೆಟ್ರೋಲ್ ಖರ್ಚು ಏರುತ್ತದೆ. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಒಳಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಹೋಗುವುದರಿಂದ ಮೈಲೇಜ್ ಅಷ್ಟಾಗಿ ಇಳಿಯದು. ಎಳೆತ ಕುಗ್ಗುತ್ತದೆ, ಘಾಟಿಯಲ್ಲಿ ಫಜೀತಿ. ಫಿಲ್ಟರ್ ಹರಿದಿದ್ದರಂತೂ ಧೂಳು ಸಿಲಿಂಡರನ್ನೇ ಸವೆಸುತ್ತದೆ. ಫಿಲ್ಟರ್ ಕಿತ್ತೆಸೆದು ಓಡಿಸುವ ಶೂರರೂ ನಮ್ಮಲ್ಲಿದ್ದಾರೆ, ಅವರಿಗೇನು ಹೇಳೋಣ?

ಮೈಲೇಜ್ ಕದಿಯುವ ಕಳ್ಳ ಟೈರಿನಲ್ಲಿದ್ದಾನೆ. ಗಾಳಿ ಇಳಿದಷ್ಟೂ ಚಕ್ರ ಉರುಳಿಸಲು ಇಂಜಿನ್ ಹೆಚ್ಚು ದುಡಿಯಬೇಕು. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಗಾಳಿ ನೋಡಿಸಿ. ಬಳ್ಳಾರಿ ಸೀಮೆಯ ಬಿಸಿಲಲ್ಲಿ ಓಡಿ ಬಂದ ಟೈರು ಸುಳ್ಳು ಲೆಕ್ಕ ಕೊಡುತ್ತದೆ. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುತ್ತದೆ. ಅಡಿಕೆ ಮೂಟೆ ಹೇರುವ ದಿನ ಪೂರ್ಣ ಭಾರದ ಅಂಕಿ ನೋಡಿ. ಗಂಟೆಗೆ 45ರಿಂದ 55 ಕಿ.ಮೀ. ವೇಗ ಮಿತವ್ಯಯಕ್ಕೆ ಹಿತ ಎಂಬುದು, 1978ರಲ್ಲಿ ಹುಟ್ಟಿದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘದ ಹಳೆಯ ಸಲಹೆ.

ಹೊಸ ಫಿಲ್ಟರ್ ಹಾಕಿಸಿ ಹೊರಟೆವು. ಊರು ಮುಟ್ಟುವವರೆಗೆ ಕಾರು ಒಮ್ಮೆಯೂ ಕೆಮ್ಮಲಿಲ್ಲ.